ಮಾರಲಾಗದ್ದು ಮಾತ್ರ ಉಳಿದಿತ್ತು

ಕಡಲೇಕಾಯಿ ಕಿತ್ತು, ಮಾರಿ ಮುಗಿಸಿದ ಮೇಲೆ ನಾವು ಪಾವಗಡ ತಾಲೂಕಿನ ಆರು ಮಂದಿ ರೈತರು ಒಂದು ಜೀಪು ಬಾಡಿಗೆಗೆ ಹಿಡಿದು ಒಂಬತ್ತು ದಿನ ಸುತ್ತಿ ಬಂದೆವು. ಪೆನುಗೊಂಡದ ಮೇಲೆ ಹೋಗಿ 44ನೇ ಹೆದ್ದಾರಿ ಸೇರಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕ, ಹೆಬ್ಬಾಳ, ಯಶವಂತಪುರ. ಅಲ್ಲಿಂದ ಮೈಸೂರು, ಚಾಮರಾಜನಗರದ ತನಕ ಹೋಗಿ, ತಿಪಟೂರು, ಹಿರಿಯೂರು ಮೇಲೆ ವಾಪಸು. ಅಡ್ಡದಾರಿ ಎಲ್ಲ ಸೇರಿ ಸಾವಿರ ಕಿಲೋಮೀಟರು ದಾಟಿತು.

ಜೊತೆಯವರಿಗೆ ಇದು ಬೀಜ, ಕೆರೆ, ತೋಟ ನೋಡುವ ತಿರುಗಾಟ. ನನಗೆ ಮಾತ್ರ ನಡುವೆ ಎರಡು ದಿನ ಸ್ವಂತ ಕೆಲಸ ಇತ್ತು. ನಾನು ಹುಟ್ಟಿದ್ದು, ಏಳನೇ ಕ್ಲಾಸಿನ ತನಕ ಓದಿದ್ದು ಯಲಹಂಕ ಮತ್ತು ಹೆಬ್ಬಾಳದ ನಡುವೆ, ಜಕ್ಕೂರು ಕೆರೆ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಅಲ್ಲಿ ಬೇರೆಯವರ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದರು. 1983ರಲ್ಲಿ ಆ ತೋಟ ಸೈಟುಗಳಾಯಿತು. ಚಪ್ಪರದ ಕಲ್ಲುಕಂಬ ಕಿತ್ತು ಲಾರಿಗೆ ತುಂಬಿದರು. ನಾವು ಅಮ್ಮನ ತವರು ಪಾವಗಡದ ಕಡೆ ಬಂದು ಒಣಭೂಮಿ ಬೇಸಾಯಕ್ಕೆ ಇಳಿದೆವು. ಆಮೇಲೆ ಆ ಕಡೆ ಬಸ್ಸಿನಲ್ಲಿ ಹಾದುಹೋದದ್ದು ಉಂಟು. ಇಳಿದು ಊರೊಳಗೆ ಹೋಗಿದ್ದು, ಹಳೇ ಗೆಳೆಯರನ್ನು ಹುಡುಕಿ ಕೂತು ಮಾತಾಡಿದ್ದು ಇದೇ ಮೊದಲು.

ಅಲ್ಲಿ ಕಂಡದ್ದನ್ನು ಪತ್ರಿಕೆಗೆ ಬರೆಯಲು ಒಂದು ಕಾರಣ ಇದೆ. ನಮ್ಮೂರ ಗೋಮಾಳದ ಮೇಲೆ ಗಾಳಿಯಂತ್ರ, ಸೋಲಾರು ಹಾಕುವವರ ಕಣ್ಣು ಬಿದ್ದಿದೆ. ಗ್ರಾಮಸಭೆಯಲ್ಲಿ ಅದರ ಮಾತು ಬರುವುದರಲ್ಲಿದೆ. ಊರು ಈಗಲೇ ಎರಡು ಭಾಗ ಆಗಿದೆ. ಇಂಥ ಮಾತು ಬೇರೆ ಬಯಲುಸೀಮೆ ಊರುಗಳಲ್ಲೂ ನಡೀತಾ ಇರಬಹುದು. ಅವರಿಗೂ ಉಪಯೋಗ ಆಗಲಿ ಅಂತ ಬರೆದಿದ್ದೇನೆ.

ಗುರುತು ಸಿಕ್ಕಿದ್ದು ಯಾವುದು?

ಹೆಬ್ಬಾಳದ ಫ್ಲೈಓವರು 2003ರಲ್ಲಿ ಬಂತು. ದೇವನಹಳ್ಳಿ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. ಅದಕ್ಕೆ ಹಿಡಿದ ಜಾಗ ಸುಮಾರು ನಾಲ್ಕು ಸಾವಿರ ಎಕರೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಬೆಂಗಳೂರಿಗೆ ಸೇರಿದವು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನೇ ಐದು ಪಾಲಿಕೆ ಮಾಡಿ, ಯಲಹಂಕದ ಕಡೆಯನ್ನು ಉತ್ತರ ಪಾಲಿಕೆಗೆ ಹಾಕಿದರು. ಇಷ್ಟೆಲ್ಲ ಆದ ಮೇಲೆ ನನ್ನ ಊರು ನನಗೆ ಹೇಗೆ ಗುರುತು ಸಿಗಬೇಕು?

ರಾಗಿ ಹೊಲ ಇಲ್ಲ. ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಒಂದೂ ಇಲ್ಲ. ನಾವಿದ್ದ ಮನೆಯ ಜಾಗ ಯಾವುದು ಅಂತ ಹೇಳುವವರೂ ಸಿಗಲಿಲ್ಲ.

ಆದರೆ ಕೆಲವು ಗುರುತು ಸಿಕ್ಕಿದವು. ಜಕ್ಕೂರು ಕೆರೆ ಇದೆ. ಅದರ ಏರಿ ಅಲ್ಲೇ ಇದೆ. ಯಲಹಂಕ ಕೆರೆ, ಅಲ್ಲಾಳಸಂದ್ರ ಕೆರೆ, ರಾಚೇನಹಳ್ಳಿ ಕೆರೆ, ಹೆಬ್ಬಾಳ ಕೆರೆ ಇವೆ. ನಾವು ಹುಡುಗರಾಗಿದ್ದಾಗ ಕತ್ತೆತ್ತಿ ವಿಮಾನ ಎಣಿಸುತ್ತಿದ್ದ ಜಕ್ಕೂರಿನ ಸರಕಾರಿ ವಿಮಾನ ತರಬೇತಿ ಶಾಲೆಯ ಬಯಲು ಇದೆ. ಅದು 1948ರಿಂದ ಇರುವುದು. ಹಾಗೆಯೇ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಇದೆ.

ರಾತ್ರಿ ಮಲಗಿದಾಗ ಇದನ್ನೇ ಯೋಚನೆ ಮಾಡಿದೆ. ಯಾರ ಹೆಸರಿನಲ್ಲಿ ಪಟ್ಟೆ, ಪಹಣಿ ಇತ್ತೋ ಆ ಜಮೀನು ಒಂದೂ ಉಳಿದಿಲ್ಲ. ಯಾರೂ ಒಬ್ಬರೇ ಹೋಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮಾರಲಾಗದ್ದು ಮಾತ್ರ ಉಳಿದಿದೆ. ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದು ತಿರುಗಾಮುರುಗಾ. ಸ್ವಂತದ್ದು ಭದ್ರ, ಸರಕಾರದ್ದು ಹಾಳು ಅಂತ. ನನ್ನ ಹುಟ್ಟೂರಿನಲ್ಲಿ ಲೆಕ್ಕ ಉಲ್ಟಾ ಆಗಿದೆ.

ಜಿ.ಕೆ.ವಿ.ಕೆ. ಮಾತೇ ನೋಡಿ. ಅಲ್ಲಿ ಸುಮಾರು 1,300 ಎಕರೆ ಇದೆ. 1969ರಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ ಜಾಗ. ಜಮೀನು ಕೊಟ್ಟ ಹಳ್ಳಿಯ ಹಿರೀಕರು ನನ್ನ ಬಾಲ್ಯದಲ್ಲಿ ಅದನ್ನು ಬೈಯುತ್ತಿದ್ದದ್ದು ನೆನಪಿದೆ. ಇವತ್ತು ಆ ಸುತ್ತಿನಲ್ಲಿ ಕೆಂಪುಮಣ್ಣಿನ ಹೊಲದಲ್ಲಿ ರಾಗಿ ಬೆಳೆಯುವ ಜಾಗ ಅದೊಂದೇ. 2010ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಸಾರಿದರು. ನಮ್ಮ ಕಡೆ ಹೊಲಗಳಲ್ಲಿ ಬೆಂಕಿರೋಗ ತಡೆದು ನಿಂತ ಜಿ.ಪಿ.ಯು. 28 ರಾಗಿ ಅಲ್ಲಿನದೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ಅಂತ ಒಣಭೂಮಿ ರೈತನಿಗೆ ಹೇಳಿಕೊಟ್ಟದ್ದೂ ಅಲ್ಲಿಯವರೇ. ಆ 1,300 ಎಕರೆ ನೂರು ಜನರ ಖಾತೆಯಲ್ಲಿ ಇದ್ದಿದ್ದರೆ ಇಷ್ಟರಲ್ಲಿ ಅಪಾರ್ಟ್‌ಮೆಂಟು ಆಗಿರುತ್ತಿತ್ತು.

ಗೆಳೆಯರ ಲೆಕ್ಕ

ನಾಲ್ವರು ಹಳೇ ಗೆಳೆಯರು ಸಿಕ್ಕಿದರು. ಹೆಸರು ಬೇಡ.

ಮೊದಲನೆಯವನ ಅಪ್ಪನಿಗೆ ಮೂರು ಎಕರೆ ಇತ್ತು. 1995ರಲ್ಲಿ ಎರಡು ಎಕರೆ ಮಾರಿ, ಉಳಿದದ್ದರಲ್ಲಿ ಬಾಡಿಗೆ ಮನೆ ಕಟ್ಟಿದರು. ಇವನು ಚೆನ್ನಾಗಿದ್ದಾನೆ. ಮಕ್ಕಳು ಕೆಲಸದಲ್ಲಿದ್ದಾರೆ. ಮಂಡಿ ಆಪರೇಶನ್ ಆಗಿದೆ. ನನ್ನನ್ನು ನೋಡಿದ ಕೂಡಲೇ, "ಬಂದ್ಯೇನ್ಲಾ! ಪಾವಗಡದಾಗೆ ರಾಗಿ ಆಗ್ತದಾ? ಒಂದು ಮೂಟೆ ಕಳಿಸೋ ಮಾರಾಯ, ಅಂಗಡಿ ಹಿಟ್ಟು ಮುದ್ದೆಗೆ ಬರಾದಿಲ್ಲ" ಅಂದ. ಮುಂದಿನ ಸುಗ್ಗಿಗೆ ಕಳಿಸುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಎರಡನೆಯವನದು ಬೇರೆ ಕಥೆ. ಬಡಾವಣೆಗೆ ಜಮೀನು ನೋಟಿಫೈ ಆಯಿತು. ಆ ಕಡೆ ಇಂಥವರು ಬಹಳ. ಅರ್ಕಾವತಿ ಬಡಾವಣೆಗೆ 2003ರಲ್ಲಿ 16 ಹಳ್ಳಿಗಳ ಜಮೀನಿಗೆ ನೋಟೀಸು ಬಂತು. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ 17 ಹಳ್ಳಿಗಳ 3,546 ಎಕರೆ. ಎರಡೂ ಸುಪ್ರೀಂ ಕೋರ್ಟಿನ ತನಕ ಹೋದವು. ನೋಟಿಫೈ ಆದ ಹೊಲವನ್ನು ಉಳಲು ಧೈರ್ಯ ಬರುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ಮಾರಲೂ ಆಗುವುದಿಲ್ಲ. ಇವನು ವರ್ಷಗಟ್ಟಲೆ ಹೊಲ ಬೀಳು ಬಿಟ್ಟು ವಕೀಲರ ಮನೆಗೆ ತಿರುಗಿದ. "ರೈತನೂ ಅಲ್ಲ, ಸಿಟಿಯವನೂ ಅಲ್ಲ, ಹಂಗೇ ವಯಸ್ಸಾಗೋಯ್ತು" ಅಂದ. ಈಗ ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿ ಇದ್ದಾನೆ.

ಮೂರನೆಯವನು ಇದ್ದ ಒಂದೂವರೆ ಎಕರೆಯನ್ನೂ ಪೂರ್ತಿ ಮಾರಿದ. ಒಂದು ಮನೆ, ತಂಗಿಯರ ಎರಡು ಮದುವೆ, ಒಂದು ಟೆಂಪೋ. ಟೆಂಪೋ ಹೋಯಿತು. ಈಗ ಮಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾನೆ. ಮಾರಿದ್ದಕ್ಕೆ ಬೇಜಾರು ಇದೆಯಾ ಅಂತ ಕೇಳಿದೆ. "ಬಾವಿ ಬತ್ತಿತ್ತು, ಕೂಲಿ ಸಿಗ್ತಿರಲಿಲ್ಲ, ಸುತ್ತ ಎಲ್ಲಾ ಮಾರಿದ್ರು. ನಾನೊಬ್ಬನೇ ಹೊಲ ಇಟ್ಕೊಂಡು ಹಂದಿ ಕಾಯಬೇಕಿತ್ತಾ?" ಅಂದ. ಅವನ ಮಾತು ನ್ಯಾಯವೇ. ಸುತ್ತ ಮನೆ ಎದ್ದು, ದನ ತಿರುಗುವ ದಾರಿ ಮುಚ್ಚಿ, ಕಾಲುವೆಗೆ ಕಲ್ಲು ತುಂಬಿದ ಮೇಲೆ ಒಬ್ಬನೇ ಬೇಸಾಯ ಮಾಡೋದು ಸಾಧ್ಯವಿಲ್ಲ. ಊರಿನ ಸಾಮಾನ್ಯ ಜಾಗ ಹೋದ ಮೇಲೆ ಸ್ವಂತ ಜಮೀನು ಎಷ್ಟು ದಿನ ನಿಂತೀತು?

ನಾಲ್ಕನೆಯವನು ನೀರುಗಂಟಿ ಮಗ. ಅವರಪ್ಪ ಕೆರೆ ತೂಬು ಕಾಯುತ್ತಿದ್ದರು. ಯಾವ ಗದ್ದೆಗೆ ಯಾವ ಹೊತ್ತು ನೀರು ಅಂತ ಹೇಳುವವರು ಅವರೇ. ಮಗ ಈಗ ಒಂದು ಕೆರೆಯ ಗೇಟು ಕಾಯುವ ಕೆಲಸದಲ್ಲಿದ್ದಾನೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಲಾಠಿ. ಬೆಳಗ್ಗೆ, ಸಂಜೆ ವಾಕಿಂಗಿಗೆ ಬರುವವರಿಗೆ ಗೇಟು ತೆಗೆಯಬೇಕು, ಮಿಕ್ಕ ಹೊತ್ತು ಮುಚ್ಚಬೇಕು. "ದನ ಒಳಕ್ಕೆ ಬರಂಗಿಲ್ಲ, ಬಟ್ಟೆ ಒಗೆಯಂಗಿಲ್ಲ. ನಾನು ಹುಟ್ಟಿದ ಕೆರೆಗೆ ನಾನೇ ಸೀಟಿ ಊದ್ತೀನಿ" ಅಂದು ನಕ್ಕ.

ಉಳಿದಿದೆ, ಆದರೆ ಯಾರಿಗೆ?

ಈ ಸೀಟಿಯ ಮಾತು ನನಗೆ ಬಹಳ ಹಿಡಿಸಿತು. ಕೆರೆ ಉಳಿದಿದೆ ಅಂತ ಖುಷಿಪಟ್ಟರೆ ಸಾಲದು. ಅದು ಹಳ್ಳಿಯವರದಾಗಿ ಉಳಿದಿಲ್ಲ.

ಕೆರೆಗಳು ತಾವಾಗಿ ಉಳಿದದ್ದೂ ಅಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಯಶವಂತಪುರದ ಪಕ್ಕ ಮತ್ತಿಕೆರೆಯಲ್ಲಿ ಕೆರೆ ಇದ್ದಲ್ಲಿ ಪಾರ್ಕು ಇದೆ. 1980ರ ದಶಕದ ನಡುವಿನಲ್ಲಿ ಲಕ್ಷ್ಮಣರಾವ್ ಸಮಿತಿ, ಇದ್ದ ಕೆರೆಗಳನ್ನು ಇನ್ನು ಮುರಿಯಬೇಡಿ ಅಂತ ವರದಿ ಕೊಟ್ಟಿತು. ಹೆಬ್ಬಾಳ ಕೆರೆಯನ್ನು 2000ದ ದಶಕದಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಜನ ಹೈಕೋರ್ಟಿಗೆ ಹೋದರು. ಜಕ್ಕೂರಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಹಾಕಿ, ಆ ನೀರನ್ನು ಜೊಂಡು ಬೆಳೆಸಿದ ಜೌಗಿನಲ್ಲಿ ಹಾಯಿಸಿ ಕೆರೆಗೆ ಬಿಡುತ್ತಾರೆ. ಶುರುವಿಗೆ ದಿನಕ್ಕೆ ಒಂದು ಕೋಟಿ ಲೀಟರು ಶುದ್ಧ ಮಾಡುವ ಶಕ್ತಿ ಇದ್ದ ಘಟಕ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ನಿಲ್ಲುತ್ತದೆ, ಮೀನು ಹಿಡಿಯುವವರಿದ್ದಾರೆ. ಅಲ್ಲಿ ಕೆರೆಗೋಸ್ಕರ ದುಡಿಯುವ ನಾಗರಿಕರ ಗುಂಪೂ ಇದೆ. ಅಪಾರ್ಟ್‌ಮೆಂಟಿನವರು ಹಲವರು ಅದರಲ್ಲಿದ್ದಾರೆ. ಕೆರೆ ಉಳಿಸಿದ್ದಕ್ಕೆ ಅವರಿಗೆ ಕೈಮುಗಿಯಬೇಕು.

ಆದರೆ ಹಳ್ಳಿಯವರು ಎಲ್ಲಿ ಹೋದರು? ನೀರುಗಂಟಿ ಮಗನೇ ಉತ್ತರ ಹೇಳಿದ. ಮೊದಲು ಹೂಳೆತ್ತೋದು ನಿಂತಿತು. ಆಮೇಲೆ ತೂಬು ಕೆಟ್ಟಿತು. ಗದ್ದೆಯವರು ಕೊಳವೆಬಾವಿ ಕೊರೆಸಿದರು. ಬೋರು ಬಂದ ಮೇಲೆ ಕೆರೆ ಯಾರಿಗೆ ಬೇಕು? ಕೆರೆಗೆ ಚರಂಡಿ ನೀರು ಬಂತು. ಊರಿನವರು ಮೂಗು ಮುಚ್ಚಿಕೊಂಡು ಸುಮ್ಮನಾದರು. ಕೊನೆಗೆ ಬಿಟ್ಟವರದು ಹೋಯಿತು, ಬಂದು ಹಿಡಿದವರದಾಯಿತು. ಕಾಯ್ದೆಯಲ್ಲಿ ಸಾರ್ವಜನಿಕ ಅಂತ ಇದ್ದರೆ ಕೆರೆ ಮಣ್ಣಾಗದೆ ಉಳಿಯಬಹುದು. ಊರಿನದಾಗಿ ಉಳಿಯಬೇಕಾದರೆ ಊರು ಅದನ್ನು ಬಳಸುತ್ತಾ ಇರಬೇಕು.

ಕೆರೆ ಉಳಿಸಿ ಕಾಲುವೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ಪಾಠ ಇದೆ. ಯಲಹಂಕ ಕೆರೆ ಹತ್ತಿರದ ಕೇಂದ್ರೀಯ ವಿಹಾರ ಅನ್ನುವ ವಸತಿಗೆ 2021ರ ನವೆಂಬರಿನಲ್ಲಿ ಒಮ್ಮೆ, 2024ರ ಅಕ್ಟೋಬರಿನಲ್ಲಿ ಇನ್ನೊಮ್ಮೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ಅದೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದು ನಿಂತಿದ್ದರು. ಬೇಸಿಗೆಯಲ್ಲಿ ನೀರಿಲ್ಲ, ಮಳೆಗೆ ಮುಳುಗಡೆ. ನೀರು ಹರಿಯುವ ದಾರಿ ಹೊಲದವನಿಗೆ ಗೊತ್ತಿರುತ್ತದೆ. ಸೈಟು ಅಳೆಯುವವನ ಟೇಪಿಗೆ ಅದು ಗೊತ್ತಾಗಲ್ಲ.

ದಾರಿಯಲ್ಲಿ ಕಂಡ ಎರಡು ಮಾದರಿ

ದೇವನಹಳ್ಳಿ ಕಡೆಯ ನಲ್ಲೂರಿನಲ್ಲಿ ಹಳೇ ಹುಣಸೆ ತೋಪು ಇದೆ. ಸುಮಾರು 54 ಎಕರೆ. ಪೊಟರೆ ಬಿದ್ದ, ತಬ್ಬಲು ಮೂರು ಜನ ಬೇಕಾಗುವ ಮರಗಳು. 2007ರಲ್ಲಿ ಇದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿದರು. ಸುತ್ತ ಜಮೀನಿನ ಬೆಲೆ ಕೋಟಿ ಮುಟ್ಟಿದೆ. ತೋಪು ಹಾಗೇ ಇದೆ.

ಅದೇ ಕಡೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಕೈಗಾರಿಕೆಗೆ ಹಿಡಿಯಲು ಸರಕಾರ ಹೊರಟಿತ್ತು. ರೈತರು 2022ರ ಏಪ್ರಿಲಿನಿಂದ ಧರಣಿ ಕೂತರು. ಸಾವಿರ ದಿನಕ್ಕೂ ಮೇಲೆ ಕೂತರು. 2025ರ ಜುಲೈ 15ರಂದು ಭೂಸ್ವಾಧೀನ ಕೈಬಿಡುತ್ತೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಕೊಡಲು ಮನಸ್ಸಿರುವವರು ತಾವಾಗಿ ಕೊಡಬಹುದು ಅಂತಲೂ ಹೇಳಿದರು. ಇಲ್ಲಿ ಸ್ವಂತ ಜಮೀನೂ ಉಳಿಯಿತಲ್ಲ ಅಂತ ನೀವು ಕೇಳಬಹುದು. ಉಳಿಯಿತು. ಆದರೆ ಅವರು ಅದನ್ನು ಒಬ್ಬೊಬ್ಬರ ಖಾತೆ ಅಂತ ನೋಡದೆ ಹದಿಮೂರು ಹಳ್ಳಿಗಳ ಜಮೀನು ಅಂತ ಹಿಡಿದದ್ದಕ್ಕೆ ಉಳಿಯಿತು.

ಚಿಕ್ಕಬಳ್ಳಾಪುರದ ಕಂದವಾರ ಕೆರೆಯನ್ನೂ ನೋಡಿದೆವು. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಈ ಕಡೆ ತರುತ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 21 ಕೋಟಿ ಲೀಟರು, ತುಂಬಿಸಬೇಕಾದ ಕೆರೆ 65. ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ರೈತರು ಕೇಳುತ್ತಿದ್ದಾರೆ. ಅದು ಸರಿಯಾದ ಬೇಡಿಕೆ. ನನ್ನ ಹುಟ್ಟೂರಿನ ಕಡೆಯ ಬಚ್ಚಲ ನೀರು ಬಯಲುಸೀಮೆಗೆ ಬರುತ್ತಿದೆ. ಬರುವುದಕ್ಕೆ ಅಲ್ಲಿ ಕೆರೆ ಇತ್ತು ಅನ್ನುವುದನ್ನು ಮರೆಯಬಾರದು. ಕೆರೆಯಂಗಳ ಒತ್ತುವರಿ ಆಗಿ ಹೋಗಿದ್ದರೆ ಪೈಪು ತಂದು ನೀರು ಎಲ್ಲಿಗೆ ಬಿಡುತ್ತಿದ್ದರು?

ನಮ್ಮೂರಿಗೆ ಬರೋಣ

ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳಲ್ಲಿ 13,000 ಎಕರೆ ಸೋಲಾರು ಪಾರ್ಕು ಇರುವುದು ಎಲ್ಲರಿಗೂ ಗೊತ್ತು. 2,050 ಮೆಗಾವಾಟು. ರೈತರಿಂದ ಜಮೀನು ಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಇದು ಯಲಹಂಕದ ಮಾರಾಟಕ್ಕಿಂತ ಎಷ್ಟೋ ಮೇಲು. ಜಮೀನು ರೈತನ ಹೆಸರಿನಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ನನ್ನ ಕಡಲೇಕಾಯಿ ಹೊಲದಲ್ಲಿ ಬಿತ್ತಿದ ಬೀಜದ ದುಡ್ಡೂ ಹುಟ್ಟುವುದಿಲ್ಲ. ಹತ್ತು ಎಕರೆಗೆ ಎರಡು ಲಕ್ಷ ಕೂತಲ್ಲಿ ಬರುತ್ತದೆ ಅಂದರೆ ಯಾರನ್ನೂ ಬೈಯಲು ನನಗೆ ಬಾಯಿ ಬರುವುದಿಲ್ಲ. ಸ್ವಂತ ಜಮೀನು ಏನು ಮಾಡಬೇಕು ಅನ್ನುವುದು ಆ ಮನೆಯವರ ತೀರ್ಮಾನ.

ಆದರೆ ಆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಎಕರೆ ಜಮೀನಿಲ್ಲದೆ ನಲವತ್ತು ಕುರಿ ಸಾಕಿ ಬದುಕುವವನಿಗೆ ಏನು ಬಂತು? ಬೀಳು ಹೊಲ, ಬದು, ಓಣಿ ಎಲ್ಲ ಬೇಲಿಯೊಳಗೆ ಹೋದರೆ ಅವನ ಕುರಿ ಮೇಯುವುದೆಲ್ಲಿ? ಕೂಲಿ ಹೋಗಲು ಹೊಲವೂ ಇಲ್ಲ. ಅಂಥವನಿಗೆ ಉಳಿದಿರುವ ಆಸ್ತಿ ಅಂದರೆ ಗೋಮಾಳ, ಕೆರೆಯಂಗಳ, ಗುಂಡುತೋಪು. ಅದನ್ನೂ ಊರಿನವರೇ ಕೈಯೆತ್ತಿ ಕೊಟ್ಟರೆ ನ್ಯಾಯವೇ?

ಕೊಡಬೇಕು ಅನ್ನುವವರ ಮಾತು ನಾನು ಕೇಳಿದ್ದೇನೆ. ಗೋಮಾಳದಲ್ಲಿ ಬಳ್ಳಾರಿ ಜಾಲಿ ಬಿಟ್ಟರೆ ಏನಿದೆ, ಬಂದ ದುಡ್ಡಿನಲ್ಲಿ ದೇವಸ್ಥಾನ ಕಟ್ಟಬಹುದು, ಸ್ಕೂಲಿಗೆ ಕೋಣೆ ಆಗುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ ಅಂತ. ಬಳ್ಳಾರಿ ಜಾಲಿ ಬೆಳೆದಿರುವುದು ನಿಜ. ಯಲಹಂಕದ ಕಡೆಯೂ ಒಂದು ಕಾಲದಲ್ಲಿ ಇದನ್ನೇ ಹೇಳಿದ್ದರು. ಕೆರೆಯಲ್ಲಿ ಏನಿದೆ, ಬರೀ ಹೂಳು ಅಂತ. ಹಾಳು ಬಿದ್ದಿದೆ ಅನ್ನುವುದು ಕೊಡುವುದಕ್ಕೆ ಕಾರಣ ಅಲ್ಲ. ಸರಿ ಮಾಡುವುದಕ್ಕೆ ಕಾರಣ. ಇನ್ನು ಕೆಲಸದ ಮಾತು. ಹಲಗೆ ಕೂರಿಸುವ ತನಕ ಕೂಲಿ ಇರುತ್ತದೆ, ಆಮೇಲೆ ಹುಲ್ಲು ಕೀಳುವವರು, ಹಲಗೆ ಒರೆಸುವವರು, ಕಾವಲಿನವರು ಬೇಕು. ನನ್ನ ಗೆಳೆಯನ ಸೀಟಿ ನಮ್ಮ ಹುಡುಗರ ಕೊರಳಿಗೆ ಬರುತ್ತದೆ, ಅಷ್ಟೆ.

ಏನು ಮಾಡಬಹುದು?

ಬರೀ ಬೇಡ ಅನ್ನುವುದು ಸುಲಭ. ಆದ್ದರಿಂದ ನನಗೆ ತೋಚಿದ ನಾಲ್ಕು ಕೆಲಸ ಬರೆಯುತ್ತೇನೆ.

ಒಂದು, ಊರಿನ ಗೋಮಾಳ, ಕೆರೆ, ರಾಜಕಾಲುವೆ, ಗುಂಡುತೋಪು, ಸ್ಮಶಾನ, ಬಂಡಿದಾರಿ, ಇವುಗಳ ಸರ್ವೆ ನಂಬರು ಪಟ್ಟಿ ಮಾಡಿ ಪಂಚಾಯ್ತಿ ಗೋಡೆ ಮೇಲೆ ಬರೆಸಬೇಕು. ಜಮೀನಿಗೆ ಬೆಲೆ ಬರುವ ಮೊದಲೇ ಅಳತೆಗೆ ಅರ್ಜಿ ಹಾಕಿ ಗಡಿಕಲ್ಲು ನೆಡಿಸಬೇಕು. ಬೆಲೆ ಬಂದ ಮೇಲೆ ಅಳೆಯಲು ಹೋದರೆ ಪ್ರತಿ ಕಲ್ಲಿಗೂ ಒಂದು ಕೇಸು.

ಎರಡು, ಕಾನೂನು ತಿಳಿದಿರಬೇಕು. ಗೋಮಾಳ ಸರಕಾರದ ಜಮೀನು, ನಿಜ. ಆದರೆ 1966ರ ಭೂಕಂದಾಯ ನಿಯಮದಲ್ಲಿ ನೂರು ಜಾನುವಾರಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು ಅಂತ ಇದೆ. ದನ ಕಡಿಮೆಯಾದರೆ ಗೋಮಾಳ ಹೆಚ್ಚಾಯಿತು ಅನ್ನುತ್ತಾರೆ. ಆದ್ದರಿಂದ ಜಾನುವಾರು ಗಣತಿಗೆ ಬಂದಾಗ ಒಂದು ಕರುವನ್ನೂ ಬಿಡದೆ ಬರೆಸಿ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಊರಿನ ಕೆರೆಕಟ್ಟೆ, ಸಾಮಾನ್ಯ ಭೂಮಿಯ ಒತ್ತುವರಿ ತೆರವು ಮಾಡಿಸಿ ಊರಿಗೆ ವಾಪಸು ಕೊಡಿಸಬೇಕು ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ನಮ್ಮ ರಾಜ್ಯದಲ್ಲಿ ಕೆರೆ ಸಂರಕ್ಷಣೆಗೆ 2014ರ ಕಾಯ್ದೆ ಇದೆ. ಗ್ರಾಮಸಭೆಯಲ್ಲಿ ಮಾತಾಡುವಾಗ ಈ ಇಸವಿಗಳನ್ನು ಹೇಳಿದರೆ ಅಧಿಕಾರಿಗಳು ಕಿವಿ ಕೊಟ್ಟು ಕೇಳುತ್ತಾರೆ. ಬರೀ ಕೂಗಾಡಿದರೆ ಕೇಳುವುದಿಲ್ಲ.

ಮೂರು, ಬಳಸಬೇಕು. ಜಾಲಿ ಕಡಿದು, ಉದ್ಯೋಗ ಖಾತ್ರಿಯ ಕೆಲಸದಲ್ಲಿ ಇಳಿಜಾರಿಗೆ ಅಡ್ಡವಾಗಿ ಟ್ರೆಂಚು ತೋಡಿ, ಹುಲ್ಲಿನ ಬೀಜ ಎರಚಿ, ಹುಣಸೆ, ಹೊಂಗೆ, ಬೇವು ನೆಡಬಹುದು. ಮಳೆಗಾಲದ ಎರಡು ತಿಂಗಳು ಮೇಯಿಸದೆ ಬಿಟ್ಟರೆ ಹುಲ್ಲು ತಾನಾಗಿ ಏಳುತ್ತದೆ. ಹುಣಸೆ ಹರಾಜಿನ ದುಡ್ಡಿನಲ್ಲಿ ತೂಬು, ಕೋಡಿ ರಿಪೇರಿ ಆಗುತ್ತದೆ. ವರ್ಷಕ್ಕೆ ಒಂದು ಸಲ ಮನೆಗೆ ಒಬ್ಬರಂತೆ ಬಂದು ಕಾಲುವೆ ಕಸ ತೆಗೆಯುವ ಹಳೇ ಪದ್ಧತಿ ಮತ್ತೆ ಶುರು ಮಾಡಬೇಕು.

ನಾಲ್ಕು, ಯಾರಾದರೂ ಗೋಮಾಳ ಕೇಳಲು ಬಂದರೆ ಗ್ರಾಮಸಭೆಯಲ್ಲಿ ಮೊದಲ ಮಾತು ಕುರಿಯವರದು, ದನದವರದು, ಸೌದೆ ತರುವ ಹೆಂಗಸರದು ಆಗಬೇಕು. ಜಮೀನು ಇರುವ ನಮ್ಮಂಥವರು ಆಮೇಲೆ ಮಾತಾಡೋಣ. ನಮಗೆ ಬಾಡಿಗೆಗೆ ಕೊಡಲು ಸ್ವಂತ ಹೊಲ ಇದೆ. ಅವರಿಗೆ ಅದೂ ಇಲ್ಲ.

ನನ್ನ ಹುಟ್ಟೂರಿನ ಕೋಡಿ ನೀರು ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನಮ್ಮ ತಾಲೂಕಿನ ನಾಗಲಮಡಿಕೆಯಲ್ಲಿ ಹರಿಯುವುದು ಉತ್ತರ ಪಿನಾಕಿನಿ. ಎರಡೂ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲೇ. ದಕ್ಷಿಣಕ್ಕೆ ಹೋದ ನೀರಿನ ಕೆರೆಗಳು ಏನಾದವು ಅಂತ ನೋಡಿ ಬಂದಿದ್ದೇನೆ. ಉತ್ತರದ ಕೆರೆಗಳ ವಿಷಯದಲ್ಲಿ ನಮಗೆ ಇನ್ನೂ ಟೈಮು ಇದೆ. ಗ್ರಾಮಸಭೆಯಲ್ಲಿ ನಾನು ಗೋಮಾಳ ಕೊಡಬಾರದು ಅಂತಲೇ ಕೈಯೆತ್ತುತ್ತೇನೆ. ನಿಮ್ಮ ಊರುಗಳಲ್ಲಿ ಗೋಮಾಳ, ಕೆರೆಯಂಗಳ ಉಳಿಸಿಕೊಂಡವರು ಇದ್ದರೆ, ಹೇಗೆ ಉಳಿಸಿದಿರಿ, ಎಷ್ಟು ಖರ್ಚಾಯಿತು, ಯಾವ ಕಚೇರಿಗೆ ಎಷ್ಟು ಸಲ ತಿರುಗಿದಿರಿ ಅಂತ ಪತ್ರಿಕೆಗೆ ಬರೆಯಿರಿ. ಅದನ್ನು ನಮ್ಮ ಗ್ರಾಮಸಭೆಯಲ್ಲಿ ಓದಿ ಹೇಳುತ್ತೇನೆ.